ಲಾಭ, ಎರಡು, ಮೂರು

ಶಿರಹಟ್ಟಿ ದಾಟಿ ಕೆರೆಯ ಏರಿ ಹತ್ತುವಾಗ
ಇನ್ನೂ ಕತ್ತಲೆ.
ಕೈಯಲ್ಲಿ ಇಲಾಖೆಯ ಹಾಳೆ,
ಕೊರಳಲ್ಲಿ ಎರವಲು ತಂದ ದುರ್ಬೀನು.
ಫಕ್ಕೀರವ್ವ ಆಗಲೇ ಬಂದು ಕೂತಿದ್ದಳು
ಗೋಣಿಚೀಲ ಹೊದ್ದು, ಸೆಗಣಿ ಬುಟ್ಟಿ ಪಕ್ಕಕ್ಕಿಟ್ಟು,
ಬಾಯೊಳಗಿನ ಎಲೆಯಡಿಕೆ ಇನ್ನೂ ಹದಕ್ಕೆ ಬಂದಿರಲಿಲ್ಲ.

'ಎಣಸಾಕ ಬಂದೀರೇನ್ರಿ ಮಾಸ್ತರ?'
'ಹೌದವ್ವ.'
'ಎಣಸ್ರಿ. ಒಂದು ಅನ್ನಬ್ಯಾಡ್ರಿ ಮತ್ತ.'

ಮೊದಲು ಬಂದದ್ದು ಸದ್ದು.
ಎಣ್ಣೆ ಕಾಣದ ನೂರು ಚಕ್ಕಡಿ
ಮುಗಿಲಿನಲ್ಲಿ ದಾರಿ ತಪ್ಪಿದ ಹಾಗೆ.
ಆಮೇಲೆ ಸಾಲು, ಸಾಲಿನ ಬಾಲಕ್ಕೆ ಸಾಲು.
ಕಿತ್ತ ಶೇಂಗಾ ಹೊಲದಲ್ಲಿ ಇರುಳೆಲ್ಲ ಕಾಯಿ ಆರಿಸಿ,
ಪಕ್ಕದ ಕಡಲೆಯ ಕುಡಿಯನ್ನೂ ಅಷ್ಟಿಷ್ಟು ಮುರಿದು
ಹೆಬ್ಬಾತುಗಳು ನೀರಿಗೆ ಮರಳುತ್ತಿದ್ದವು.

ಹತ್ತು ಹತ್ತರ ಕಂತೆ ಕಟ್ಟಿದೆ. ಬಿಚ್ಚಿಕೊಂಡಿತು.
ಮತ್ತೆ ಕಟ್ಟಿದೆ.
ಪಕ್ಕದಲ್ಲಿ ಅವಳು, ಕಣದಲ್ಲಿ ರಾಶಿ ಅಳೆಯುವವಳಂತೆ
ಇಲ್ಲದ ಕೊಳಗವನ್ನು ಎತ್ತಿ ಸುರಿಯುತ್ತ:
ಲಾಭ.
ಎರಡು.
ಮೂರು.

'ಹಿಂಗ ಎಣಿಸಿದ್ರ ಇಲಾಖೆ ಒಪ್ಪೂದಿಲ್ಲವ್ವ.'
'ಒಪ್ಪದಿದ್ರ ಬಿಡ್ರಿ. ರಾಶಿ ಹುಲುಸಾಗೂದು ಬಾಯಿಂದ.'

ಬೆಳಕು ಹರಿದಂತೆ ತಲೆಗಳು ಕಂಡವು.
ಬಿಳಿ ನೆತ್ತಿ, ಹಿಂದೆ ಎರಡೇ ಕರಿ ಗೀಟು.
ಅವಳ ಅಜ್ಜ ಹೇಳಿದ್ದನಂತೆ:
ಈಬತ್ತಿ ಎಳೆಯುವಾಗ ಮೂರನೇ ಬೆರಳು ಊರಲಿಲ್ಲ ಅವು,
ದೂರದ ದಾರಿ, ಅವಸರ.
ಕರಿ ಈಬತ್ತಿ ಎಲ್ಲಿಯದು ಅಂತ ಕೇಳಿದೆ.
'ನೀವು ಬರಕೋರಿ ಸುಮ್ಕ' ಅಂದಳು.
ಹಾಳೆಯಲ್ಲಿ ಅದಕ್ಕೆ ಕಾಲಮ್ಮಿರಲಿಲ್ಲ.

ಅಲಾಯಿ ಹಬ್ಬ ಚಳಿಗಾಲಕ್ಕೆ ಬಿದ್ದ ವರ್ಷ
ಕೆರೆಯ ತಿರುವಿನಲ್ಲಿ ಹಲಗೆಯವರು
ಬಡಿಯುವ ಕೈಯನ್ನು ಹಾಗೇ ಚರ್ಮದ ಮೇಲೆ ಒತ್ತಿಹಿಡಿದು
ನಡೆದುಹೋದದ್ದನ್ನು ನಾನೇ ನೋಡಿದ್ದೇನೆ.
ಯಾರೂ ಹೇಳಿರಲಿಲ್ಲ ಅವರಿಗೆ.
ಅದಕ್ಕೂ ಕಾಲಮ್ಮಿರಲಿಲ್ಲ.

ಒಮ್ಮೆ ಬುಡ್ಡೇಸಾಬ, ಕಡಲೆ ಉಳಿಸಲು,
ಡಬ್ಬಿಯಲ್ಲಿ ಕಾರ್ಬೈಡು ಹಾಕಿ ಢಂ ಅನಿಸಿದ.
ಎರಡು ದಿನ ಕೆರೆ ಬರೀ ನೀರು.
ಮೂರನೇ ದಿನ ಫಕ್ಕೀರವ್ವ ಅವನ ಕಟ್ಟೆಗೆ ಹೋಗಿ ಕೂತಳು.
ಬೈಯಲಿಲ್ಲ.
'ಅವು ತತ್ತಿ ಇಡೂದು ಎಲ್ಲೋ?'
'ಹಿಮದ ಗುಡ್ಡದ ಆಚಿಗಂತ. ಮಾಸ್ತರ ಹೇಳ್ತಾರ.'
'ಬಾಣಂತನ ಆಗೂದು ಅಲ್ಲಿ ಅಂದ್ರ ಅದು ತವರು.
ಇದು ಗಂಡನ ಮನಿ.
ಸೊಸಿ ಎರಡು ತುತ್ತು ಹೆಚ್ಚಿಗಿ ಉಂಡಳಂತ ಢಂ ಅನಸ್ತೀ.
ತವರಿಗೆ ಹೋಗಿ ಏನಂತ ಹೇಳಬೇಕೋ ಆಕಿ
ನಮ್ಮ ಊರಿನ ಬಗ್ಗೆ?'

ನಕ್ಕುಬಿಟ್ಟ.
ಆ ಡಬ್ಬಿಯಲ್ಲಿ ಈಗ ಅವನ ಹೆಂಡತಿ ಪುದೀನಾ ಬೆಳೆಸಿದ್ದಾಳೆ.
ಆದರೆ ಕಡಲೆಯ ಲೆಕ್ಕ ಬಿಟ್ಟಿಲ್ಲ ಅವನು.
ಪ್ರತಿ ಜನವರಿ ಸೈಕಲ್ ನಿಲ್ಲಿಸಿ
'ಹಕ್ಕಿ ಬರೀತೀರಿ, ಅದು ತಿಂದದ್ದು ಯಾರು ಬರಿಯೋರು?' ಅನ್ನುತ್ತಾನೆ.
ನನ್ನಲ್ಲಿ ಉತ್ತರವಿಲ್ಲ.
ಹಾಳೆ ತಿರುಗಿಸಿ ಬೆನ್ನಿಗೆ ಬರೆದುಕೊಳ್ಳುತ್ತೇನೆ:
ಬುಡ್ಡೇಸಾಬ, ಕಡಲೆ, ಆರು ಗುಂಟೆ.

ಬಿಸಿಲು ಏರಿಗೆ ಬಂತು.
ನನ್ನ ಲೆಕ್ಕ ಎರಡು ಸಾವಿರದ ಆಸುಪಾಸು, ಅನುಮಾನದ ಜೊತೆ.
ಅವಳದು ಮುಗಿದಿರಲಿಲ್ಲ, ಆದರೂ ಎದ್ದಳು.
ಬುಟ್ಟಿ ತಲೆಗೇರಿಸಿಕೊಳ್ಳುವಷ್ಟರಲ್ಲಿ
ಹೊಲಗಳ ಮೇಲಿಂದ ತಡವಾಗಿ ಒಂದು,
ಒಂದೇ ಒಂದು,
ಬೈಯುತ್ತಲೇ ಬಂದು
ಎರಡೂ ಅಂಗಾಲು ಮುಂದಕ್ಕೆ ಚಾಚಿ
ನೀರನ್ನು ಉದ್ದಕ್ಕೆ ಸೀಳಿ ಇಳಿಯಿತು.

ಪೆನ್ಸಿಲು ಎತ್ತಿದೆ.
'ಅದನ್ನ ಬಿಡ್ರಿ ಮಾಸ್ತರ,' ಅಂದಳು, ತಿರುಗದೆ,
'ಬೀಜಕ್ಕಿರಲಿ.'

ಆ ವರ್ಷದ ಹಾಳೆಯಲ್ಲಿ ಒಂದು ಕಡಿಮೆ ಇದೆ.
ಇಲಾಖೆ ಈವರೆಗೆ ಕೇಳಿಲ್ಲ.